ಮ್ಯಾಕ್ಯುಲಕ್ಷಯ: ಒಂದು ನೇತ್ರರೋಗದ ಗಣನೆಯ ಇತಿಹಾಸ

ಇತಿಹಾಸಕಾರರು ರೋಗಗಳ ಕಡೆಗೆ ಗಮನವಿತ್ತಾಗಲೆಲ್ಲ ಸಾಮಾನ್ಯವಾಗಿ ಪ್ಲೇಗು, ಕಾಲರಾ, ಸಿಡುಬುಗಳಂಥ ಸಾಂಕ್ರಾಮಿಕಗಳನ್ನೇ ಆರಿಸಿಕೊಂಡಿದ್ದಾರೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಊರಿಗೆ ಊರೇ ಬರಿದಾದರೆ ಅದಕ್ಕೆ ದಾಖಲೆ ಉಳಿಯುತ್ತದೆ. ಮನೆಯ ಜಗಲಿಯ ಮೇಲೆ ಕುಳಿತ ವೃದ್ಧರೊಬ್ಬರ ನೋಟ ವರ್ಷದಿಂದ ವರ್ಷಕ್ಕೆ ಮಾಸುತ್ತ ಹೋದುದಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ. ವಯಸ್ಸಾದ ಮೇಲೆ ಕಣ್ಣು ಮಂಜಾಗುವುದು ಸಹಜವೆಂದು ಬಗೆದ ಸಮಾಜವು ಅದನ್ನು ಬರೆದಿಡಲೂ ಇಲ್ಲ, ಎಣಿಸಲೂ ಇಲ್ಲ. ಅಂಥ ರೋಗವೊಂದು ಇಂದು ಕೋಟಿಗಳ ಲೆಕ್ಕದಲ್ಲಿ ಹೇಳಲ್ಪಡುತ್ತಿದೆ. ೨೦೧೪ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನ ಪ್ರಕಾರ ೨೦೨೦ರ ವೇಳೆಗೆ ೧೯.೬ ಕೋಟಿ ಜನರಲ್ಲಿಯೂ ೨೦೪೦ರ ವೇಳೆಗೆ ೨೮.೮ ಕೋಟಿ ಜನರಲ್ಲಿಯೂ ವಯಸ್ಸಿಗೆ ಸಂಬಂಧಿಸಿದ ಮ್ಯಾಕ್ಯುಲಕ್ಷಯ ಕಂಡುಬರುವುದು.

ಈ ಸಂಖ್ಯೆ ಓದುಗರಲ್ಲಿ ಆತಂಕವನ್ನುಂಟುಮಾಡುವುದು ಸಹಜ. ಆದರೆ ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ರೋಗವು ನಿಜವಾಗಿಯೂ ಹೆಚ್ಚಿದೆಯೇ? ಅಥವಾ ಅದನ್ನು ಕಾಣುವ ಸಾಧನಗಳು ಹೆಚ್ಚಿವೆಯೇ? ಅಥವಾ ಅದು ತಗಲುವ ವಯಸ್ಸಿನವರೆಗೆ ಬದುಕುವವರು ಹೆಚ್ಚಿದ್ದಾರೆಯೇ? ಈ ಮೂರು ಬಗೆಯ ಹೆಚ್ಚಳಗಳನ್ನು ಬೇರ್ಪಡಿಸಿ ನೋಡಿದ ಹೊರತು ಅದರ ಹೊರೆಯ ನಿಜಸ್ವರೂಪ ತಿಳಿಯದೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೧. ರೋಗದ ಸ್ವರೂಪ

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪದರಕ್ಕೆ ಅಕ್ಷಿಪಟಲವೆಂದು ಹೆಸರು. ಅದರ ನಡುಭಾಗದಲ್ಲಿ ಸುಮಾರು ಐದು ಮಿಲಿಮೀಟರ್‌ಗಳಷ್ಟು ಅಗಲದ, ಹಳದಿ ಛಾಯೆಯ ಒಂದು ಪ್ರದೇಶವಿದೆ. ಇದೇ ಮ್ಯಾಕ್ಯುಲ. ಪುಸ್ತಕವನ್ನೋದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಮುಖವನ್ನು ಗುರುತಿಸುವುದು, ಇವೆಲ್ಲವೂ ಈ ಚಿಕ್ಕ ಪ್ರದೇಶದ ಕೆಲಸ. ಅಕ್ಷಿಪಟಲದ ಉಳಿದ ಭಾಗವು ಸುತ್ತಲಿನ ನೋಟವನ್ನು ಕೊಡುತ್ತದೆ.

ವಯಸ್ಸು ಏರಿದಂತೆ ಕೆಲವರಲ್ಲಿ ಮ್ಯಾಕ್ಯುಲದ ಕೆಳಗಿನ ವರ್ಣಕೋಶಗಳ ಪದರವು ತ್ಯಾಜ್ಯವಸ್ತುಗಳನ್ನು ಸರಿಯಾಗಿ ಹೊರಹಾಕಲಾರದೆ ಹೋಗುತ್ತದೆ. ಆಗ ಅಲ್ಲಿ ಡ್ರೂಸೆನ್ ಎಂಬ ಹಳದಿ ಬಣ್ಣದ ಸಣ್ಣ ಸಂಚಯಗಳು ಕಾಣಿಸಿಕೊಳ್ಳುತ್ತವೆ. ಇದು ರೋಗದ ಮೊದಲ ಹಂತ. ಈ ಹಂತದಲ್ಲಿ ನೋಟಕ್ಕೆ ಹೆಚ್ಚಿನ ಧಕ್ಕೆಯಿರುವುದಿಲ್ಲ. ಮುಂದಿನ ಹಂತವು ಎರಡು ಬಗೆಯದು. ಒಂದರಲ್ಲಿ ಕೋಶಗಳು ನಿಧಾನವಾಗಿ ಸವೆದು ನಾಶವಾಗುತ್ತವೆ. ಇದನ್ನು ಒಣ ಬಗೆಯೆಂದು ಕರೆಯುತ್ತಾರೆ. ಇನ್ನೊಂದರಲ್ಲಿ ಅಕ್ಷಿಪಟಲದ ಕೆಳಗಿನಿಂದ ಹೊಸ ರಕ್ತನಾಳಗಳು ಬೆಳೆದು, ಒಸರಿ, ರಕ್ತಸ್ರಾವವಾಗಿ, ಕೆಲವೇ ವಾರಗಳಲ್ಲಿ ನಡುನೋಟವನ್ನು ಕೆಡಿಸಬಲ್ಲವು. ಇದು ಒದ್ದೆ ಬಗೆ. ಎರಡರಲ್ಲಿಯೂ ಸುತ್ತಲಿನ ನೋಟ ಸಾಮಾನ್ಯವಾಗಿ ಉಳಿಯುತ್ತದೆ. ಆದುದರಿಂದ ರೋಗಿಯು ಗೋಡೆಯನ್ನು ತಡಕದೆ ಮನೆಯಲ್ಲಿ ಓಡಾಡಬಲ್ಲನು, ಆದರೆ ಮೊಮ್ಮಗುವಿನ ಮುಖವನ್ನು ಕಾಣಲಾರನು. ಈ ವಿರೋಧಾಭಾಸವೇ ರೋಗವು ಬಹುಕಾಲ ಅಲಕ್ಷ್ಯಕ್ಕೊಳಗಾಗಲು ಒಂದು ಕಾರಣವಾಯಿತು. ನಡೆದಾಡುವವರನ್ನು ಯಾರೂ ಕುರುಡರೆಂದು ಲೆಕ್ಕಿಸುವುದಿಲ್ಲ.

೨. ಕಾಣುವ ಸಾಧನ ಮತ್ತು ಕರೆಯುವ ಹೆಸರು

ಪ್ರಾಚೀನರಿಗೆ ಈ ರೋಗ ತಿಳಿದಿತ್ತೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ೭೬ ನೇತ್ರರೋಗಗಳ ಎಣಿಕೆಯಿದೆ. ತಿಮಿರವೆಂಬ ಹೆಸರಿನಲ್ಲಿ ನೋಟ ಮಸುಕಾಗುವ ಅನೇಕ ಅವಸ್ಥೆಗಳ ವರ್ಣನೆಯೂ ಇದೆ. ಆದರೆ ಜೀವಂತ ಕಣ್ಣಿನ ಒಳಭಾಗವನ್ನು ನೋಡುವ ಉಪಾಯವೇ ಇಲ್ಲದಿದ್ದ ಕಾಲದ ವರ್ಣನೆಯನ್ನು ಇಂದಿನ ರೋಗನಾಮದೊಡನೆ ಸಮೀಕರಿಸುವುದು ಇತಿಹಾಸದೃಷ್ಟಿಗೆ ಒಪ್ಪತಕ್ಕದ್ದಲ್ಲ. ರೋಗವು ಆಗಲೂ ಇದ್ದಿರಬೇಕು. ಆದರೆ ಅದು ಒಂದು ಪ್ರತ್ಯೇಕ ರೋಗವಾಗಿ ಮನುಷ್ಯಜ್ಞಾನಕ್ಕೆ ಬಂದಿರಲಿಲ್ಲ.

ಆ ಜ್ಞಾನ ಬಂದುದು ಒಂದು ಉಪಕರಣದ ಮೂಲಕ. ೧೮೫೧ರಲ್ಲಿ ಜರ್ಮನಿಯ ಹೆರ್ಮಾನ್ ಹೆಲ್ಮ್‌ಹೋಲ್ಟ್ಸ್ ತಾನು ನಿರ್ಮಿಸಿದ ನೇತ್ರದರ್ಶಕದ ವಿವರವನ್ನು ಪ್ರಕಟಿಸಿದನು. ಬೆಳಕನ್ನು ಪಾಪೆಯ ಮೂಲಕ ಒಳಕ್ಕೆ ಹಾಯಿಸಿ, ಅದೇ ದಾರಿಯಲ್ಲಿ ಹಿಂದಿರುಗುವ ಬೆಳಕಿನಲ್ಲಿ ಅಕ್ಷಿಪಟಲವನ್ನು ನೋಡುವುದು ಇದರಿಂದ ಸಾಧ್ಯವಾಯಿತು. ೧೮೫೫ರಲ್ಲಿ ಹಾಲೆಂಡಿನ ದೊಂಡರ್ಸ್ ಇಂದು ನಾವು ಡ್ರೂಸೆನ್ ಎನ್ನುವ ಸಂಚಯಗಳನ್ನು ವರ್ಣಿಸಿದನು. ೧೮೭೪ರಲ್ಲಿ ಲಂಡನ್ನಿನ ಹಚಿನ್ಸನ್ ಮತ್ತು ಟೇ ಎಂಬ ವೈದ್ಯರು ವೃದ್ಧರ ಎರಡು ಕಣ್ಣುಗಳಲ್ಲಿಯೂ ಸಮನಾಗಿ ತೋರುವ ನಡುಭಾಗದ ವಿಕಾರವನ್ನು ರೋಗಿಗಳ ವೃತ್ತಾಂತಗಳ ಸಹಿತ ವಿವರಿಸಿದರು. ೧೮೮೫ರಲ್ಲಿ ಓಟ್ಟೋ ಹಾಬ್ ಇದಕ್ಕೆ ‘ವಾರ್ಧಕ್ಯದ ಮ್ಯಾಕ್ಯುಲಕ್ಷಯ’ ಎಂಬರ್ಥದ ಹೆಸರನ್ನು ಬಳಸಿದನು.

ಹೀಗೆ ಹೆಸರೇನೋ ದೊರೆಯಿತು. ಆದರೆ ರೋಗದ ಏಕತೆ ಇನ್ನೂ ದೊರೆತಿರಲಿಲ್ಲ. ರಕ್ತನಾಳಗಳು ಬೆಳೆದು ಗಾಯದ ಕಲೆಯಂತಾಗುವ ಬಗೆಯನ್ನು ೧೯೨೬ರಲ್ಲಿ ಯೂನಿಯುಸ್ ಮತ್ತು ಕುಂಟ್ ಎಂಬ ಜರ್ಮನ್ ವೈದ್ಯರು ಒಂದು ಗ್ರಂಥದಲ್ಲಿ ಪ್ರತ್ಯೇಕ ವ್ಯಾಧಿಯೆಂಬಂತೆ ನಿರೂಪಿಸಿದರು. ಡ್ರೂಸೆನ್ ಒಂದು, ಒಣ ಸವೆತ ಇನ್ನೊಂದು, ಗಾಯದ ಕಲೆ ಮತ್ತೊಂದು ಎಂಬ ಭಾವನೆ ದಶಕಗಳ ಕಾಲ ನಡೆಯಿತು. ೧೯೬೧ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ವೈದ್ಯವಿದ್ಯಾರ್ಥಿಗಳಾಗಿದ್ದ ನೊವೊಟ್ನಿ ಮತ್ತು ಆಲ್ವಿಸ್, ಫ್ಲೋರೆಸಿನ್ ಎಂಬ ಹೊಳೆಯುವ ಬಣ್ಣವನ್ನು ರಕ್ತಕ್ಕೆ ಸೇರಿಸಿ ಅಕ್ಷಿಪಟಲದ ರಕ್ತಸಂಚಾರದ ಛಾಯಾಚಿತ್ರ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಇದರ ನೆರವಿನಿಂದ ಡೊನಾಲ್ಡ್ ಗ್ಯಾಸ್ ೧೯೬೭ರಲ್ಲಿ ಈ ಮೂರು ರೂಪಗಳೂ ಒಂದೇ ರೋಗದ ಹಂತಗಳೆಂಬುದನ್ನು ಮನಗಾಣಿಸಿದನು. ಮೂರು ಹೆಸರುಗಳಲ್ಲಿ ಹಂಚಿಹೋಗಿದ್ದ ರೋಗಿಗಳು ಒಂದು ಹೆಸರಿನ ಕೆಳಗೆ ಬಂದರು. ಸಂಖ್ಯೆ ಬೆಳೆಯಲು ಇದೂ ಒಂದು ಮಾರ್ಗವೆಂಬುದನ್ನು ನಾವು ಮರೆಯಬಾರದು.

೩. ಎಣಿಕೆಯ ಆರಂಭ

ಆಸ್ಪತ್ರೆಗೆ ಬಂದವರನ್ನು ಎಣಿಸುವುದಕ್ಕೂ ಜನಸಮುದಾಯದಲ್ಲಿ ರೋಗವೆಷ್ಟಿದೆಯೆಂದು ಎಣಿಸುವುದಕ್ಕೂ ಬಹಳ ಅಂತರವಿದೆ. ಎರಡನೆಯ ಬಗೆಯ ಎಣಿಕೆಯಲ್ಲಿ ಪ್ರಸಿದ್ಧವಾದುದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ನೇತ್ರಸಮೀಕ್ಷೆ. ೧೯೭೩ರಿಂದ ೧೯೭೫ರವರೆಗೆ ಅಲ್ಲಿಯ ೫೨ರಿಂದ ೮೫ ವಯಸ್ಸಿನ ಎರಡೂವರೆ ಸಾವಿರಕ್ಕೂ ಹೆಚ್ಚು ಜನರ ಕಣ್ಣುಗಳನ್ನು ಪರೀಕ್ಷಿಸಲಾಯಿತು. ಶೇಕಡ ೮.೮ ಮಂದಿಯಲ್ಲಿ ಮ್ಯಾಕ್ಯುಲಕ್ಷಯ ಕಂಡುಬಂದಿತು. ಆದರೆ ಇಲ್ಲಿ ಒಂದು ನಿಯಮವಿದ್ದಿತು. ಮ್ಯಾಕ್ಯುಲದಲ್ಲಿ ವಿಕಾರ ಕಂಡರೆ ಸಾಲದು, ಆ ಕಣ್ಣಿನ ನೋಟವೂ ೬/೯ ಅಥವಾ ಅದಕ್ಕಿಂತ ಕಡಿಮೆಯಾಗಿರಬೇಕು. ಡ್ರೂಸೆನ್ ಇದ್ದೂ ನೋಟ ಚೆನ್ನಾಗಿದ್ದವರು ಈ ಲೆಕ್ಕದಿಂದ ಹೊರಗುಳಿದರು.

ವಿಸ್ಕಾನ್ಸಿನ್ ಸಂಸ್ಥಾನದ ಬೀವರ್ ಡ್ಯಾಮ್ ಪಟ್ಟಣದಲ್ಲಿ ೧೯೮೮–೯೦ರಲ್ಲಿ ನಡೆದ ಸಮೀಕ್ಷೆಯು ಬೇರೆಯ ದಾರಿಯನ್ನು ಹಿಡಿಯಿತು. ಸುಮಾರು ಐದು ಸಾವಿರ ಜನರ ಅಕ್ಷಿಪಟಲದ ಛಾಯಾಚಿತ್ರಗಳನ್ನು ತೆಗೆದು, ನೋಟದ ಬಲವನ್ನು ಗಣನೆಗೆ ತಾರದೆ, ಚಿತ್ರದಲ್ಲಿ ಕಾಣುವ ಲಕ್ಷಣಗಳ ಆಧಾರದ ಮೇಲೆಯೇ ದರ್ಜೆಗಳನ್ನು ಗೊತ್ತುಪಡಿಸಲಾಯಿತು. ಮೊದಲ ಹಂತದ ರೋಗ ಶೇಕಡ ೧೫.೬ ಮಂದಿಯಲ್ಲಿಯೂ ಮುಂದುವರಿದ ಹಂತ ಶೇಕಡ ೧.೬ ಮಂದಿಯಲ್ಲಿಯೂ ಕಂಡುಬಂದವು. ೭೫ ವರ್ಷ ಮೀರಿದವರಲ್ಲಿ ಮುಂದುವರಿದ ರೋಗದ ಪ್ರಮಾಣ ಶೇಕಡ ೭.೧ಕ್ಕೆ ಏರಿದ್ದಿತು. ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಪ್ರದೇಶದಲ್ಲಿ ೧೯೯೨–೯೪ರಲ್ಲಿ ೪೯ ವರ್ಷಕ್ಕೆ ಮೇಲ್ಪಟ್ಟ ೩,೬೫೪ ಜನರನ್ನು ಪರೀಕ್ಷಿಸಿದಾಗ ಮುಂದುವರಿದ ರೋಗ ಶೇಕಡ ೧.೯ರಷ್ಟಿದ್ದಿತು.

ಫ್ರಾಮಿಂಗ್‌ಹ್ಯಾಮಿನ ೮.೮ನ್ನೂ ಬೀವರ್ ಡ್ಯಾಮಿನ ೧೫.೬ನ್ನೂ ಪಕ್ಕಪಕ್ಕದಲ್ಲಿಟ್ಟು, ಹದಿನೈದು ವರ್ಷಗಳಲ್ಲಿ ರೋಗವು ಇಮ್ಮಡಿಯಾಯಿತೆಂದು ಯಾರಾದರೂ ಬರೆದರೆ ಅದು ದೊಡ್ಡ ಪ್ರಮಾದವಾಗುತ್ತದೆ. ಹೆಚ್ಚಿದುದು ರೋಗವಲ್ಲ, ಅಳತೆಗೋಲು ಬೇರೆಯಾಯಿತು. ಈ ತೊಡಕನ್ನು ಅರಿತೇ ೧೯೯೫ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು ಸಮಾನವಾದ ವರ್ಗೀಕರಣವನ್ನು ಸೂಚಿಸಿತು. ಈ ಕಾಲದಲ್ಲಿಯೇ ‘ವಾರ್ಧಕ್ಯದ’ ಎಂಬ ವಿಶೇಷಣ ಹಿಂದೆ ಸರಿದು ‘ವಯಸ್ಸಿಗೆ ಸಂಬಂಧಿಸಿದ’ ಎಂಬುದು ನೆಲೆಗೊಂಡಿತು. ಈ ಬದಲಾವಣೆ ಬರಿಯ ಸೌಜನ್ಯದ ಮಾತಲ್ಲ. ವಾರ್ಧಕ್ಯವೇ ರೋಗಕ್ಕೆ ಹೆಸರಾದಾಗ ವೈದ್ಯನ ಕರ್ತವ್ಯ ಅಲ್ಲಿಗೇ ಮುಗಿದಂತೆ ತೋರುತ್ತದೆ. ವಯಸ್ಸು ಅದಕ್ಕೆ ಒಂದು ಸಂಬಂಧ ಮಾತ್ರವೆಂದಾಗ ಉಳಿದ ಕಾರಣಗಳ ಶೋಧಕ್ಕೆ ದಾರಿ ತೆರೆಯುತ್ತದೆ. ಧೂಮಪಾನವು ಅಂಥ ಮುಖ್ಯ ಕಾರಣಗಳಲ್ಲೊಂದೆಂದು ಸಿದ್ಧಪಟ್ಟಿತು. ೨೦೦೫ರಲ್ಲಿ ದೇಹದ ರಕ್ಷಣಾವ್ಯವಸ್ಥೆಗೆ ಸಂಬಂಧಿಸಿದ ಒಂದು ಜೀನಿನ ಪಾತ್ರವೂ ಬೆಳಕಿಗೆ ಬಂದಿತು.

೪. ಪೊರೆಯ ಹಿಂದೆ: ಭಾರತದ ಲೆಕ್ಕ

ಇದುವರೆಗೆ ನಾವು ನೋಡಿದುದು ಪಶ್ಚಿಮದ ಎಣಿಕೆ. ನಮ್ಮ ದೇಶದಲ್ಲಿ ಇದರ ಇತಿಹಾಸ ಬೇರೆಯ ಹಾದಿಯಲ್ಲಿ ನಡೆಯಿತು. ಇಲ್ಲಿ ಅಂಧತ್ವದ ಮಾತೆಂದರೆ ಬಹುಕಾಲ ಟ್ರಕೋಮ ಮತ್ತು ಕಣ್ಣಿನ ಪೊರೆಗಳ ಮಾತೇ ಆಗಿದ್ದಿತು. ಭಾರತ ಸರ್ಕಾರವು ೧೯೬೩ರಲ್ಲಿ ಟ್ರಕೋಮ ನಿಯಂತ್ರಣ ಕಾರ್ಯಕ್ರಮವನ್ನೂ ೧೯೭೬ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನೂ ಆರಂಭಿಸಿತು. ೧೯೮೬–೮೯ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವಕ್ಕೆ ಶೇಕಡ ೮೦ರಷ್ಟು ಪೊರೆಯೇ ಕಾರಣವೆಂದು ಕಂಡುಬಂದಿತು. ೨೦೦೧–೦೨ರ ಸಮೀಕ್ಷೆಯಲ್ಲಿ ಪೊರೆಯ ಪಾಲು ಶೇಕಡ ೬೨.೬ಕ್ಕೆ ಇಳಿದಿದ್ದಿತು, ಕಣ್ಣಿನ ಹಿಂಭಾಗದ ರೋಗಗಳೆಲ್ಲ ಸೇರಿ ಶೇಕಡ ೪.೭ ಎಂದು ದಾಖಲಾಯಿತು.

ಕರ್ನಾಟಕದಲ್ಲಿ ಪೊರೆಯ ವಿರುದ್ಧ ನಡೆದ ಕಾರ್ಯವನ್ನು ಇಲ್ಲಿ ಸ್ಮರಿಸುವುದು ಯುಕ್ತ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಡಾ. ಎಂ. ಸಿ. ಮೋದಿಯವರು ಹಳ್ಳಿಪಟ್ಟಣಗಳಲ್ಲಿ ನಡೆಸಿದ ಸಾಮೂಹಿಕ ಶಸ್ತ್ರಚಿಕಿತ್ಸೆಯ ಶಿಬಿರಗಳು ನಾಡಿನ ಹಿರಿಯರ ನೆನಪಿನಲ್ಲಿ ಇಂದಿಗೂ ಹಸಿರಾಗಿವೆ. ಒಂದು ಊರಿನಲ್ಲಿ ಕೆಲವೇ ದಿನಗಳಲ್ಲಿ ನೂರಾರು ಜನರಿಗೆ ನೋಟ ಹಿಂದಿರುಗುವುದೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ಆದರೆ ಶಿಬಿರದ ಈ ಪದ್ಧತಿಯು ಪೊರೆಯ ಸ್ವಭಾವಕ್ಕೆ ಒಪ್ಪುವಂಥದು. ಪೊರೆಯನ್ನು ಒಮ್ಮೆ ತೆಗೆದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಮ್ಯಾಕ್ಯುಲಕ್ಷಯವು ಒಂದು ದಿನದ ಚಿಕಿತ್ಸೆಗೆ ಬಗ್ಗುವ ರೋಗವಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ಮಸೂರವೇ ಬೆಳ್ಳಗಾಗಿದ್ದ ಕಣ್ಣಿನಲ್ಲಿ ಅದರ ಹಿಂದಿನ ಅಕ್ಷಿಪಟಲ ಪರೀಕ್ಷಕನಿಗೆ ಕಾಣುವುದೇ ಇಲ್ಲ. ಮೇಲಾಗಿ, ಅಂಧತ್ವದ ಸಮೀಕ್ಷೆಗಳಲ್ಲಿ ಒಬ್ಬ ವ್ಯಕ್ತಿಗೆ ಹಲವು ಕಾರಣಗಳಿದ್ದರೆ ಅವುಗಳಲ್ಲಿ ಸುಲಭವಾಗಿ ಗುಣಪಡಿಸಬಹುದಾದುದನ್ನೇ ಮುಖ್ಯ ಕಾರಣವೆಂದು ಬರೆಯುವ ರೂಢಿಯಿದೆ. ಕಾರ್ಯಕ್ರಮಗಳನ್ನು ರೂಪಿಸುವವರಿಗೆ ಈ ರೂಢಿ ಉಪಯುಕ್ತವೇ ಸರಿ. ಆದರೆ ಇದರಿಂದ ಪೊರೆಯೂ ಮ್ಯಾಕ್ಯುಲಕ್ಷಯವೂ ಇದ್ದ ವೃದ್ಧೆಯೊಬ್ಬಳು ದಾಖಲೆಯಲ್ಲಿ ಪೊರೆಯ ರೋಗಿಯಾಗಿಯೇ ಉಳಿಯುತ್ತಾಳೆ. ಶಸ್ತ್ರಚಿಕಿತ್ಸೆಯಾದ ಮೇಲೂ ಅವಳಿಗೆ ಅಕ್ಷರ ಕಾಣದಿದ್ದಾಗ ಮಾತ್ರ ಹಿಂದಿನ ರೋಗ ಪ್ರಕಟವಾಗುತ್ತದೆ. ಹೀಗೆ ಒಂದು ರೋಗದ ವಿರುದ್ಧ ದೊರೆತ ಜಯವೇ ಇನ್ನೊಂದು ರೋಗವನ್ನು ಬಯಲಿಗೆ ತರುತ್ತದೆ.

ಜನಸಮುದಾಯದಲ್ಲಿಯೇ ಮ್ಯಾಕ್ಯುಲಕ್ಷಯವನ್ನು ಅರಸಿದ ಸಮೀಕ್ಷೆಗಳು ದಕ್ಷಿಣ ಭಾರತದಲ್ಲಿ ೧೯೯೦ರ ದಶಕದಲ್ಲಿ ನಡೆದವು. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರಸಂಸ್ಥೆಯು ೧೯೯೬ರಿಂದ ೨೦೦೦ದವರೆಗೆ ಅಂದಿನ ಆಂಧ್ರಪ್ರದೇಶದಲ್ಲಿ ನಡೆಸಿದ ಅಧ್ಯಯನದಲ್ಲಿ ೪೦ ವರ್ಷಕ್ಕೆ ಮೇಲ್ಪಟ್ಟವರಲ್ಲಿ ಶೇಕಡ ೧.೮೨ ಮಂದಿಗೆ ಈ ರೋಗವಿದ್ದಿತು. ತಮಿಳುನಾಡಿನ ಗ್ರಾಮಗಳಲ್ಲಿ ಅರವಿಂದ್ ಸಂಸ್ಥೆಯವರು ನಡೆಸಿದ ಅಧ್ಯಯನದಲ್ಲಿ ಅದೇ ವಯೋಮಾನದವರಲ್ಲಿ ಮೊದಲ ಹಂತ ಶೇಕಡ ೨.೭, ಮುಂದುವರಿದ ಹಂತ ಶೇಕಡ ೦.೬ ಎಂದು ಕಂಡುಬಂದಿತು. ೨೦೧೦ರಲ್ಲಿ ಪ್ರಕಟವಾದ, ಉತ್ತರ ಮತ್ತು ದಕ್ಷಿಣ ಭಾರತಗಳೆರಡನ್ನೂ ಒಳಗೊಂಡ ಅಧ್ಯಯನವು ೬೦ ವರ್ಷ ಮೀರಿದವರಲ್ಲಿ ಮುಂದುವರಿದ ರೋಗವನ್ನು ಶೇಕಡ ೧.೨ ಎಂದು ಗಣಿಸಿತು. ಇದು ಬಿಳಿಯರ ರೋಗ, ನಮ್ಮದಲ್ಲ ಎಂಬ ಭಾವನೆಗೆ ಆಧಾರವಿಲ್ಲವೆಂಬುದು ಇವುಗಳಿಂದ ತಿಳಿದುಬರುತ್ತದೆ.

ಇನ್ನು ವೃದ್ಧರ ಸಂಖ್ಯೆ. ೧೯೪೧–೫೧ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು ೩೨ ವರ್ಷಗಳಾಗಿದ್ದಿತು. ಇಂದು ಅದು ೭೦ರ ಆಸುಪಾಸಿನಲ್ಲಿದೆ. ಅಂದಿನ ಸರಾಸರಿ ಕಡಿಮೆಯಾಗಿದ್ದುದಕ್ಕೆ ಶಿಶುಮರಣವೇ ಮುಖ್ಯ ಕಾರಣವಾದುದರಿಂದ, ಆಗ ವೃದ್ಧರೇ ಇರಲಿಲ್ಲವೆಂದು ಭಾವಿಸಲಾಗದು. ಆದರೆ ಅವರ ಸಂಖ್ಯೆ ಅಲ್ಪವಾಗಿದ್ದಿತೆಂಬುದು ದಿಟ. ೧೯೬೧ರ ಜನಗಣತಿಯಲ್ಲಿ ೬೦ ವರ್ಷ ಮೀರಿದವರು ಸುಮಾರು ಎರಡೂವರೆ ಕೋಟಿಯಿದ್ದರು. ೨೦೧೧ರಲ್ಲಿ ಅವರು ಹತ್ತು ಕೋಟಿಯನ್ನು ಮೀರಿದರು. ಅರ್ಧ ಶತಮಾನದಲ್ಲಿ ನಾಲ್ಮಡಿಯಾದ ಈ ಸಮುದಾಯದಲ್ಲಿ ರೋಗದ ಪ್ರಮಾಣ ಕಿಂಚಿತ್ತೂ ಹೆಚ್ಚದಿದ್ದರೂ ರೋಗಿಗಳ ಸಂಖ್ಯೆ ನಾಲ್ಮಡಿಯಾಗಲೇಬೇಕು.

೫. ಪ್ರಮಾಣ ಇಳಿದರೂ ಹೊರೆ ಏರುವ ಬಗೆ

ಈ ಮಾತಿಗೆ ಬೀವರ್ ಡ್ಯಾಮಿನಿಂದಲೇ ಒಂದು ಪುಷ್ಟಿ ದೊರೆಯುತ್ತದೆ. ಅಲ್ಲಿಯ ಜನರನ್ನೂ ಅವರ ಮಕ್ಕಳನ್ನೂ ತಲೆಮಾರುಗಳಾಗಿ ವಿಂಗಡಿಸಿ ನೋಡಿದಾಗ, ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ, ೧೯೦೧–೨೪ರಲ್ಲಿ ಹುಟ್ಟಿದವರಲ್ಲಿ ಐದು ವರ್ಷಗಳ ಅವಧಿಯಲ್ಲಿ ಹೊಸದಾಗಿ ರೋಗ ತಗಲುವ ಪ್ರಮಾಣ ಶೇಕಡ ೮.೮ರಷ್ಟಿದ್ದರೆ, ೧೯೨೫–೪೫ರಲ್ಲಿ ಹುಟ್ಟಿದವರಲ್ಲಿ ಅದು ಶೇಕಡ ೩ಕ್ಕೆ ಇಳಿದಿದ್ದಿತು. ಅನಂತರದ ತಲೆಮಾರಿನಲ್ಲಿ ಇನ್ನೂ ಕಡಿಮೆ. ಧೂಮಪಾನದ ಇಳಿಕೆಯೊಂದರಿಂದಲೇ ಇದನ್ನು ಪೂರ್ಣವಾಗಿ ವಿವರಿಸಲಾಗಿಲ್ಲ. ಇಲ್ಲಿ ಪ್ರತಿಯೊಬ್ಬ ವೃದ್ಧನಿಗೂ ಅಪಾಯ ಇಳಿಯುತ್ತಿದೆ, ಆದರೆ ವೃದ್ಧರು ಹೆಚ್ಚುತ್ತಿದ್ದಾರೆ. ಪ್ರಮಾಣ ಮತ್ತು ಸಂಖ್ಯೆ ಎರಡು ಬೇರೆ ಬೇರೆ ಸಂಗತಿಗಳೆಂಬ ಸರಳ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ವಿರಳ.

ಆರಂಭದಲ್ಲಿ ಹೇಳಿದ ೧೯.೬ ಕೋಟಿಯನ್ನು ಈಗ ಮತ್ತೆ ನೋಡೋಣ. ಅದೇ ಅಂದಾಜಿನಲ್ಲಿ ೪೫ರಿಂದ ೮೫ ವಯಸ್ಸಿನವರಲ್ಲಿ ಮೊದಲ ಹಂತದ ರೋಗ ಶೇಕಡ ೮, ಮುಂದುವರಿದ ರೋಗ ಶೇಕಡ ೦.೩೭ ಮಾತ್ರ. ೨೦೨೧ರಲ್ಲಿ ಪ್ರಕಟವಾದ ಇನ್ನೊಂದು ಜಾಗತಿಕ ಗಣನೆಯಂತೆ ೨೦೨೦ರಲ್ಲಿ ಈ ರೋಗದಿಂದ ಅಂಧರಾದ, ೫೦ ವರ್ಷ ಮೀರಿದವರು ಸುಮಾರು ೧೮ ಲಕ್ಷ. ಪೊರೆಯಿಂದ ಅಂಧರಾದವರು ಸುಮಾರು ೧ ಕೋಟಿ ೫೨ ಲಕ್ಷ. ಕೋಟಿಗಳ ಸಂಖ್ಯೆಯನ್ನು ಅಂಧರ ಸಂಖ್ಯೆಯೆಂದು ಭ್ರಮಿಸುವುದು ತಪ್ಪು. ಅಂಧರು ಕಡಿಮೆಯೆಂದು ಹೊರೆಯನ್ನೇ ಅಲ್ಲಗಳೆಯುವುದೂ ತಪ್ಪು. ಏಕೆಂದರೆ ಈ ರೋಗದ ಹೊರೆ ಹೆಚ್ಚಾಗಿ ಚಿಕಿತ್ಸೆಯ ಮುಂದುವರಿಕೆಯಲ್ಲಿದೆ.

೧೯೮೦ರ ದಶಕದಲ್ಲಿ ಒದ್ದೆ ಬಗೆಗೆ ಲೇಸರ್ ಕಿರಣದಿಂದ ಸುಡುವ ಚಿಕಿತ್ಸೆ ಬಂದಿತು. ಅದು ಹೊಸ ರಕ್ತನಾಳದೊಡನೆ ಅಕ್ಷಿಪಟಲವನ್ನೂ ಸುಡುತ್ತಿದ್ದಿತು. ರಕ್ತನಾಳಗಳ ಬೆಳವಣಿಗೆಯನ್ನು ಪ್ರಚೋದಿಸುವ ದ್ರವ್ಯವನ್ನು ತಡೆಯುವ ಔಷಧಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ೨೦೦೫ರಿಂದ ಬೆವಾಸಿಜುಮ್ಯಾಬ್ ಮತ್ತು ೨೦೦೬ರಿಂದ ರ‍್ಯಾನಿಬಿಜುಮ್ಯಾಬ್ ಬಳಕೆಗೆ ಬಂದವು. ೨೦೦೬ರ ಒಂದು ಪ್ರಯೋಗದಲ್ಲಿ, ರ‍್ಯಾನಿಬಿಜುಮ್ಯಾಬ್ ಪಡೆದವರಲ್ಲಿ ಶೇಕಡ ೯೫ರಷ್ಟು ಮಂದಿ ಒಂದು ವರ್ಷದ ಕೊನೆಯಲ್ಲಿ ಹೆಚ್ಚಿನ ನಷ್ಟವಿಲ್ಲದೆ ನೋಟವನ್ನು ಉಳಿಸಿಕೊಂಡರು. ಔಷಧ ಪಡೆಯದವರಲ್ಲಿ ಹಾಗೆ ಉಳಿಸಿಕೊಂಡವರು ಶೇಕಡ ೬೨. ಇವೆರಡು ಔಷಧಗಳಲ್ಲಿ ಬಹಳ ಅಗ್ಗವಾದ ಬೆವಾಸಿಜುಮ್ಯಾಬ್ ನೋಟವನ್ನುಳಿಸುವುದರಲ್ಲಿ ಇನ್ನೊಂದಕ್ಕೆ ಸಮನೆಂದು ೨೦೧೧ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. ಡೆನ್ಮಾರ್ಕಿನಲ್ಲಿ ಈ ರೋಗದಿಂದ ೫೦ ವರ್ಷ ಮೀರಿದವರಲ್ಲಿ ಪ್ರತಿವರ್ಷ ಹೊಸದಾಗಿ ಅಂಧರೆಂದು ದಾಖಲಾಗುವವರು ೨೦೦೦ದಲ್ಲಿ ಹತ್ತು ಲಕ್ಷಕ್ಕೆ ೫೨೨ ಇದ್ದವರು ೨೦೧೦ರಲ್ಲಿ ೨೫೭ಕ್ಕೆ ಇಳಿದರು.

ಆದರೆ ಈ ಔಷಧವನ್ನು ಕಣ್ಣಿನೊಳಕ್ಕೆ ಚುಚ್ಚುಮದ್ದಾಗಿ ಕೊಡಬೇಕು. ತಿಂಗಳಿಗೊಮ್ಮೆಯೋ ಕೆಲವು ತಿಂಗಳಿಗೊಮ್ಮೆಯೋ, ಹಲವರಿಗೆ ವರ್ಷಾನುಗಟ್ಟಲೆ. ಪ್ರತಿಬಾರಿಯೂ ವೃದ್ಧರನ್ನು ಆಸ್ಪತ್ರೆಗೆ ಕರೆದೊಯ್ಯಲು ಮನೆಯವರೊಬ್ಬರು ಆ ದಿನದ ಕೂಲಿಯನ್ನು ಬಿಡಬೇಕು. ಒಣ ಬಗೆಯ ಸವೆತವನ್ನು ನಿಧಾನಗೊಳಿಸುವ ಎರಡು ಔಷಧಗಳಿಗೆ ೨೦೨೩ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತಾದರೂ ಅವು ಹೋದ ನೋಟವನ್ನು ತಂದುಕೊಡಲಾರವು. ಚಿಕಿತ್ಸೆಯಿಲ್ಲದಿದ್ದ ಕಾಲದಲ್ಲಿ ಹೊರೆಯೆಲ್ಲ ರೋಗಿಯ ಮೇಲಿದ್ದಿತು. ಚಿಕಿತ್ಸೆ ಬಂದ ಮೇಲೆ ಅದು ಕುಟುಂಬಕ್ಕೂ ಆಸ್ಪತ್ರೆಗೂ ಸರ್ಕಾರದ ಬೊಕ್ಕಸಕ್ಕೂ ಹಂಚಿಹೋಯಿತು. ಆದುದರಿಂದಲೇ ಅದು ಈಗ ಲೆಕ್ಕಕ್ಕೆ ಸಿಗುತ್ತಿದೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಥೂಲವಾಗಿ ಸಿದ್ಧಿಸುತ್ತವೆ. ಮೊದಲನೆಯದಾಗಿ, ಮ್ಯಾಕ್ಯುಲಕ್ಷಯದ ಸಂಖ್ಯೆ ಏರಿದುದರಲ್ಲಿ ಒಂದು ಭಾಗ ಉಪಕರಣ ಮತ್ತು ವ್ಯಾಖ್ಯೆಗಳ ಕೊಡುಗೆ. ಎರಡನೆಯದಾಗಿ, ಇನ್ನೊಂದು ಭಾಗ ಟ್ರಕೋಮ, ಪೊರೆಗಳಂಥ ಬೇರೆ ರೋಗಗಳು ಹಿಂದೆ ಸರಿದುದರ ಫಲ. ಮೂರನೆಯದಾಗಿ, ಉಳಿದ ಭಾಗ ನಿಜವಾದ ಹೆಚ್ಚಳವೇ ಆಗಿದ್ದು, ಮನುಷ್ಯರು ಹೆಚ್ಚುಕಾಲ ಬದುಕುತ್ತಿರುವುದೇ ಅದಕ್ಕೆ ಮುಖ್ಯ ಕಾರಣ. ಈ ಮೂರನೆಯದನ್ನು ನಾವು ದುರಂತವೆನ್ನುವಂತಿಲ್ಲ. ಆದರೆ ಅದಕ್ಕೆ ಸಿದ್ಧರಾಗದೆ ಇರುವಂತೆಯೂ ಇಲ್ಲ.

ಸಿದ್ಧತೆಯ ಮೊದಲ ಹೆಜ್ಜೆ ಬಹಳ ಸರಳ. ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ೧೯೪೦ರ ದಶಕದಲ್ಲಿ ಬಳಕೆಗೆ ತಂದ ಚೌಕುಳಿ ಗೆರೆಗಳ ಹಾಳೆಯೊಂದು ಇಂದಿಗೂ ಉಪಯೋಗದಲ್ಲಿದೆ. ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನಡುವಿನ ಚುಕ್ಕೆಯನ್ನು ನೋಡಿದಾಗ ಗೆರೆಗಳು ಬಾಗಿದಂತೆ ತೋರಿದರೆ, ಅಥವಾ ನಡುವೆ ಕಪ್ಪು ಕಂಡರೆ, ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ಬಾಗಿಲ ಚೌಕಟ್ಟು ಡೊಂಕಾಗಿ ತೋರುತ್ತದೆಂದು ಮನೆಯ ಹಿರಿಯರು ಹೇಳಿದಾಗ ಅದನ್ನು ನಕ್ಕು ಬಿಡದಿರುವುದೂ ಇಷ್ಟೇ ಮುಖ್ಯ. ಒದ್ದೆ ಬಗೆಯಲ್ಲಿ ಕೆಲವು ವಾರಗಳ ವಿಳಂಬವೇ ಓದಬಲ್ಲ ಕಣ್ಣಿಗೂ ಓದಲಾರದ ಕಣ್ಣಿಗೂ ಇರುವ ಅಂತರ.

‘ವಯಸ್ಸಾಯಿತು, ಇನ್ನೇನು’ ಎಂಬ ಮಾತು ನಮ್ಮ ಮನೆಗಳಲ್ಲಿ ಸಾಂತ್ವನದ ಮಾತಾಗಿ ಬಂದಿದೆ. ಚಿಕಿತ್ಸೆಯಿಲ್ಲದ ಕಾಲದಲ್ಲಿ ಅದು ನಿಜವಾಗಿಯೂ ಸಾಂತ್ವನವೇ ಆಗಿದ್ದಿತು. ಇಂದು ಅದೇ ಮಾತು ಅನೇಕ ಹಿರಿಯರ ಪಾಲಿಗೆ ತಪ್ಪಿದ ಚಿಕಿತ್ಸೆಯಾಗಿ ಪರಿಣಮಿಸುತ್ತಿದೆ. ವೈದ್ಯಶಾಸ್ತ್ರವು ರೋಗದ ಹೆಸರಿನಿಂದ ‘ವಾರ್ಧಕ್ಯ’ವೆಂಬ ಪದವನ್ನು ತೆಗೆದುಹಾಕಲು ನೂರು ವರ್ಷಗಳು ಬೇಕಾದವು. ಮನೆಮಾತಿನಿಂದ ಅದು ಹೊರಡಲು ಅಷ್ಟು ಕಾಲ ಹಿಡಿಯದಂತೆ ನೋಡಿಕೊಳ್ಳುವುದು ವಿದ್ಯಾವಂತರ ಹೊಣೆಯೆಂದು ನಾವು ಭಾವಿಸುತ್ತೇವೆ.